ಇಳಿಜಾರು ರಂಗವೂ ನಟನ ದೇಹವೂ



ಈ ದತ್ತಿಯ ಉಪನ್ಯಾಸಕ್ಕೆ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ತಾವು ನನಗೇ ಬಿಟ್ಟುಕೊಟ್ಟಾಗ, ನಾಟಕದ ಕಾವ್ಯಗುಣವನ್ನೋ ರಸಸಿದ್ಧಾಂತವನ್ನೋ ನಾನು ಎತ್ತಿಕೊಳ್ಳುವೆನೆಂದು ತಾವು ನಿರೀಕ್ಷಿಸಿದ್ದರೆ ಅದು ಸಹಜವೇ ಸರಿ. ಆದರೆ ಬಹುಕಾಲದಿಂದ ನನ್ನ ಮನಸ್ಸನ್ನು ಹಿಡಿದಿರುವ ವಿಷಯ ನಟನ ಕಾಲ ಕೆಳಗಿನ ಹಲಗೆ.

ಅದಕ್ಕೆ ನಿಮಿತ್ತವಾದದ್ದು ಒಂದು ನಿಂಬೆಹಣ್ಣು. ಈ ಸೀಮೆಯ ಒಂದು ಊರಿನ ಜಾತ್ರೆಯಲ್ಲಿ, ಹಿಂಬದಿಗೆ ಗುಡಿಯ ಕಟ್ಟೆಯನ್ನೂ ಮುಂಬದಿಗೆ ಡಾಂಬರಿನ ಖಾಲಿ ಬ್ಯಾರಲ್ಲುಗಳನ್ನೂ ಆಧಾರವಾಗಿಟ್ಟು ಹಲಗೆ ಹಾಸಿದ್ದ ರಂಗದ ಮೇಲೆ, ನಾಂದಿಗೆ ಮುನ್ನ ಪೂಜೆ ಮಾಡಿ ಇಟ್ಟ ನಿಂಬೆಹಣ್ಣು ಒಂದು ಕ್ಷಣ ಯೋಚಿಸಿದಂತೆ ನಿಂತು, ಬಳಿಕ ಮೆಲ್ಲಗೆ ಹೊರಟು, ವೇಗ ಹೆಚ್ಚಿಸಿಕೊಂಡು, ಪೇಟಿ ಮಾಸ್ತರರ ಮಡಿಲಿಗೆ ಬಂದು ಬಿದ್ದಿತು. ಜನ ನಕ್ಕರು; ನಾನೂ ನಕ್ಕೆನು. ಹದಿನೈದು ಅಡಿ ಆಳದ ಆ ರಂಗದಲ್ಲಿ ಹಿಂದಕ್ಕೂ ಮುಂದಕ್ಕೂ ಎತ್ತರದಲ್ಲಿ ಒಂದು ಗೇಣು ನಾಲ್ಕು ಬೆರಳಿಗೆ ಕಡಿಮೆಯಿಲ್ಲದಷ್ಟು ಅಂತರವಿದ್ದಿತು. ಮರುದಿನ ಬೆಳಿಗ್ಗೆ ಸ್ತ್ರೀಪಾರ್ಟು ಮಾಡಿದ ಹುಡುಗನು ಜಗಲಿಯ ಮೇಲೆ ಕುಳಿತು ಮೀನಖಂಡಕ್ಕೆ ಬಿಸಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದುದನ್ನು ಕಂಡು, ಪಾರ್ಟು ಚೆನ್ನಾಗಿ ಬಂದಿತೆಂದು ನಾನು ಹೇಳಲು, ಅವನು ತಲೆ ಎತ್ತದೆಯೇ, “ಏನ್ ಬಂತೋ ಏನೋರಿ, ಮಾತಿಗಿಂತ ಕಾಲಾಗ ಲಕ್ಷ್ಯ ಭಾಳ ಇತ್ತರಿ” ಎಂದನು.

ಈ ಮಾತನ್ನು ನಾನು ಮರೆಯದಿರುವುದಕ್ಕೆ ನಾವು ಕುಳಿತಿರುವ ಈ ಲಿಂಗನೂರು ಸಾಂಗಲಿಯ ಸೀಮೆಯದೆಂಬುದೂ ಕಾರಣವಾಗಿದೆ. ಹೊನ್ನಾವರದ ಬಳಿಯ ಕರ್ಕಿಯಿಂದ ಬಂದ ಭಾಗವತರ ಮೇಳವು 1842ರಲ್ಲಿ ಸಾಂಗಲಿಯಲ್ಲಿ ಆಡಿದ ಆಟವನ್ನು ನೋಡಿ ಪ್ರಸನ್ನರಾದ ಅಲ್ಲಿಯ ಅರಸರು ಚಿಂತಾಮಣರಾವ್ ಪಟವರ್ಧನರು ಅಂಥದೊಂದನ್ನು ಮರಾಠಿಯಲ್ಲಿ ರಚಿಸಬೇಕೆಂದು ಪ್ರೇರೇಪಿಸಿದುದರಿಂದ, ವಿಷ್ಣುದಾಸ ಭಾವೆಯವರು ಮರುವರ್ಷವೇ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರೆಂಬುದು ತಮಗೆಲ್ಲ ವಿದಿತವಾಗಿದೆ. ಕನ್ನಡದ ಬಯಲಾಟದಿಂದ ಮರಾಠಿಯ ರಂಗಭೂಮಿಗೆ ಬಂದ ಈ ಋಣವನ್ನು ನಾವು ಆಗಾಗ ನೆನೆಯುತ್ತೇವೆ; ಆದರೆ ಕರ್ಕಿಯವರು ಕುಣಿಯುತ್ತಿದ್ದುದು ಸಮನೆಲದ ಮೇಲೆ ಎಂಬುದನ್ನು ನೆನೆಯುವವರು ವಿರಳ. ಮಂಡಿಯೂರಿ ಗಿರ್ರನೆ ಸುತ್ತುವ ಯಕ್ಷಗಾನದ ವೇಷಧಾರಿಯು ಆ ಮಂಡಿಗಳನ್ನು ಜಾತ್ರೆಯ ಆ ಹಲಗೆಯಂಥ ಇಳಿಜಾರಿನಲ್ಲಿ ಹಾಕಹೊರಟರೆ ಏನಾಗುವುದೆಂಬುದನ್ನು ಆ ನಿಂಬೆಹಣ್ಣೇ ಹೇಳಬಲ್ಲುದು.

ಇಳಿಜಾರನ್ನು ಶಾಸ್ತ್ರವಾಗಿ ಕಟ್ಟಿದವರು ಇಟಲಿಯವರು. 1545ರಲ್ಲಿ ಸೆರ್ಲಿಯೋ ಎಂಬ ವಾಸ್ತುಜ್ಞನು ಪ್ರಕಟಿಸಿದ ಗ್ರಂಥದಲ್ಲಿ, ಚಿತ್ರಿಸಿದ ಬೀದಿಯೂ ಸೌಧಗಳೂ ದೂರಕ್ಕೆ ಸರಿದು ಸಣ್ಣದಾಗುವಂತೆ ಕಾಣಿಸಲು ರಂಗದ ಹಿಂಭಾಗವನ್ನು ಮೇಲಕ್ಕೆ ಏರಿಸುವ ಕ್ರಮವು ವರ್ಣಿತವಾಗಿದೆ. ರಂಗದ ಹಿಂದಿಗೆ ಇಂದಿಗೂ ‘ಅಪ್‌ಸ್ಟೇಜ್’ ಎಂದೂ ಮುಂದಿಗೆ ‘ಡೌನ್‌ಸ್ಟೇಜ್’ ಎಂದೂ ಇಂಗ್ಲಿಷಿನಲ್ಲಿ ಹೆಸರು ಉಳಿದಿರುವುದು ಆ ಏರಿಳಿತದಿಂದಲೇ. 1875ರಲ್ಲಿ ತೆರೆದ ಪ್ಯಾರಿಸ್ಸಿನ ಗಾರ್ನಿಯೆ ಅಪೆರಾದ ರಂಗವು ಮೀಟರಿಗೆ ಐದು ಸೆಂಟಿಮೀಟರಿನಂತೆ ಇಳಿಯುತ್ತದೆ. ಅಂದರೆ ಚಿತ್ರಕಾರನ ಕುಂಚಕ್ಕೂ ಪ್ರೇಕ್ಷಕನ ಕಣ್ಣಿಗೂ ಅನುಕೂಲವಾಗಲೆಂದು ಹುಟ್ಟಿದ ಉಪಾಯದ ಬೆಲೆಯನ್ನು ತೆರತಕ್ಕವನು, ಆ ಎರಡರಲ್ಲಿಯೂ ಪಾಲಿಲ್ಲದ ನಟನಾದನು.

ನಮ್ಮ ಭರತಮುನಿಯ ಮತವು ಇದಕ್ಕೆ ವ್ಯತಿರಿಕ್ತ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಅವನು ರಂಗದ ಹಿಂಭಾಗವಾದ ರಂಗಶೀರ್ಷವು ಆಮೆಯ ಬೆನ್ನಿನಂತಾಗಲಿ ಮೀನಿನ ಬೆನ್ನಿನಂತಾಗಲಿ ಇರಕೂಡದೆಂದೂ ಶುದ್ಧವಾದ ಕನ್ನಡಿಯ ಮೈಯಂತೆ ಸಮನಾಗಿರತಕ್ಕದ್ದೆಂದೂ ವಿಧಿಸಿ, ಅದನ್ನು ತುಂಬಲು ಹೆಂಟೆ, ಹುಲ್ಲು, ಹರಳು ಇಲ್ಲದಂತೆ ನೇಗಿಲಿನಿಂದ ಹಸನುಗೊಳಿಸಿದ ಕಪ್ಪು ಮಣ್ಣೇ ಆಗಬೇಕೆನ್ನುವನು. (ಎರೆ ಹೊಲದ ಒಕ್ಕಲಿಗರಾದ ತಮಗೆ ಈ ಮಾತು ಪ್ರಿಯವಾದೀತು.) ಹಾಗಾದರೆ ಹಿಂದಿನವರಿಗೆ ಕಾಣುವುದು ಹೇಗೆ? ಅದಕ್ಕೂ ಅವನಲ್ಲಿ ಉತ್ತರವಿದೆ: ಪ್ರೇಕ್ಷಕರ ಪೀಠಗಳನ್ನು ಇಟ್ಟಿಗೆಯಿಂದಲೂ ಮರದಿಂದಲೂ ಸೋಪಾನಾಕಾರವಾಗಿ ಏರಿಸತಕ್ಕದ್ದು. ಏರುವ ಶ್ರಮವನ್ನು ಕುಳಿತವನಿಗೆ ಕೊಟ್ಟು ಕುಣಿಯುವವನಿಗೆ ಸಮನೆಲವನ್ನು ಉಳಿಸಿದ ಈ ವಿವೇಕವನ್ನು ನಾನು ಅವನ ರಸಸೂತ್ರಕ್ಕಿಂತ ಕಡಿಮೆಯದೆಂದು ಎಣಿಸಲಾರೆನು.

ಇನ್ನು ದೇಹದ ಮಾತು. ಜನರತ್ತ ಮುಖಮಾಡಿ ನಿಂತ ನಟನು ಇಳಿಜಾರಿನಲ್ಲಿ ಕೆಳಮೊಗವಾಗಿ ನಿಂತವನಷ್ಟೆ. ಮೈಭಾರವು ಕಾಲ್ಬೆರಳುಗಳತ್ತ ಜಾರುವುದರಿಂದ ಬೆರಳುಗಳು ಹಲಗೆಯನ್ನು ಕಚ್ಚಿ ಹಿಡಿಯುತ್ತವೆ, ಮುಗ್ಗರಿಸದಿರಲೆಂದು ಅವನು ಅರಿಯದೆಯೇ ಎದೆಯನ್ನು ಹಿಂದಕ್ಕೆ ಸೆಳೆಯುತ್ತಾನೆ, ಆ ಸೆಳೆತವೆಲ್ಲ ಸೊಂಟದ ಕುಣಿಯಲ್ಲಿ ಬಂದು ಸೇರುತ್ತದೆ. ಮುಂದಕ್ಕೆ ನಡೆದು ಬರುವಾಗ ಹೆಜ್ಜೆಹೆಜ್ಜೆಗೂ ಬಿರಿ ಹಿಡಿಯುವ ಕೆಲಸ ತೊಡೆಯ ಸ್ನಾಯುವಿನದು. ಅದರ ಒತ್ತಡವು ಮೊಣಕಾಲ ಚಿಪ್ಪಿನ ಮೇಲೆ ಬೀಳುತ್ತದೆ. ಹಿಂದಕ್ಕೆ ತಿರುಗಿ ಏರುವಾಗ ಹಿಮ್ಮಡಿಯ ನರವೂ ಮೀನಖಂಡವೂ ಎಳೆಯಲ್ಪಡುತ್ತವೆ. ಆದರೆ ಇವೆಲ್ಲಕ್ಕಿಂತ ಕಪಟಿಯಾದುದು ಅಡ್ಡ ನಿಲುವು: ರಾಜನೊಡನೆ ಸಂಭಾಷಿಸುವ ಮಂತ್ರಿಯು ಅರ್ಧ ಗಂಟೆ ಪಕ್ಕಕ್ಕೆ ತಿರುಗಿ ನಿಂತಾಗ, ಒಂದು ಕಾಲು ಮತ್ತೊಂದಕ್ಕಿಂತ ಗಿಡ್ಡವಾದಂತಾಗಿ, ಮೇಲಿನ ಮೊಣಕಾಲು ಬಾಗಿ, ಕಟಿಯು ಓರೆಯಾಗಿ, ಬೆನ್ನೆಲುಬು ಆ ಓರೆಯನ್ನು ಸರಿಪಡಿಸಲು ಬಿಲ್ಲಿನಂತೆ ಬಾಗುತ್ತದೆ. ನೋವು ಆ ರಾತ್ರಿ ತಿಳಿಯದು.

ಇದು ಹಳ್ಳಿಯ ನಟರ ದೂರು ಮಾತ್ರವಲ್ಲ. ನ್ಯೂಯಾರ್ಕಿನ ಬ್ರಾಡ್ವೇ ರಂಗಮಂದಿರಗಳ 23 ತಂಡಗಳ 313 ಕಲಾವಿದರನ್ನು ವಿಚಾರಿಸಿ 1996ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಾಯಗೊಂಡವರೆಂದು ಕಂಡುಬಂದಿತು. ನರ್ತಕರಲ್ಲಿ ಅಪಾಯವನ್ನು ಹೆಚ್ಚಿಸಿದ ಕಾರಣಗಳ ನಡುವೆ ಇಳಿಜಾರು ರಂಗವೂ ಎಣಿಕೆಯಾಗಿದೆ. ಅನಿವಾರ್ಯವಾಗಿ ಅಂಥ ರಂಗದಲ್ಲಿ ಆಡಬೇಕಾದವರು ತಾಲೀಮನ್ನೂ ಅಂಥದೇ ಹಲಗೆಯ ಮೇಲೆ ಮಾಡಬೇಕು, ಎತ್ತರದ ಹಿಮ್ಮಡಿಯ ಪಾದರಕ್ಷೆಯನ್ನು ಬಿಡಬೇಕು, ಬಹಳ ಹೊತ್ತು ಒಂದೇ ಪಕ್ಕಕ್ಕೆ ನಿಲ್ಲದಂತೆ ನಿರ್ದೇಶಕನೊಡನೆ ಜಗಳವಾಡಿಯಾದರೂ ಜಾಗ ಬದಲಿಸಿಕೊಳ್ಳಬೇಕು.

ಆ ಜಾತ್ರೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ವರ್ಷ ಆ ಹುಡುಗನು, ಹಲಗೆ ಸಮ ಮಾಡದ ಹೊರತು ಸೀರೆ ಉಡುವುದಿಲ್ಲವೆಂದು ಹಟ ಹಿಡಿದನು. ಬಡಿಗನು ಗೊಣಗುತ್ತ ಬ್ಯಾರಲ್ಲುಗಳ ಮೇಲೆ ಇಟ್ಟಿಗೆ ಏರಿಸಿ, ತಟ್ಟೆಯಲ್ಲಿ ನೀರು ಹಾಕಿ ಹಲಗೆಯ ಮೇಲಿಟ್ಟು ನೋಡಿ ಸಮ ಮಾಡಿದನು. ಮೊದಲ ಪ್ರವೇಶಕ್ಕೇ ಹಿಂದಿನಿಂದ, ಏನೂ ಕಾಣಿಸುವುದಿಲ್ಲವೆಂದು ಕೂಗೆದ್ದಿತು. ನಾಟಕ ಅರ್ಧ ಗಂಟೆ ನಿಂತಿತು. ಆಮೇಲೆ ಯಾರೋ ನಾಲ್ಕು ಮಂದಿ ಗುಡಿಯ ಹಿಂದೆ ಬಿಟ್ಟಿದ್ದ ಬಂಡಿಗಳನ್ನು ನೂಕಿ ತಂದು ಸಾಲಾಗಿ ನಿಲ್ಲಿಸಿದರು. ಕಂಬಳಿ ಹಾಸಿಕೊಂಡು ಜನ ಅವುಗಳ ಮೇಲೆ ಹತ್ತಿ ಕುಳಿತರು. ಪೇಟಿ ಮಾಸ್ತರರು ಮತ್ತೆ ಸೂರು ಹಿಡಿದರು.