ಮನೆಯಂಗಳದಲ್ಲಿ ಚಾಕು ತಯಾರಿಕೆ: ಮೊದಲ ಪಾಠ

(ಸ್ವಸಹಾಯ ಸಂಘಗಳ ಒಕ್ಕೂಟದ ತರಬೇತಿ ಸಭೆಯಲ್ಲಿ ನೀಡಿದ ಉಪನ್ಯಾಸ)



ಹಪ್ಪಳ, ಉಪ್ಪಿನಕಾಯಿ, ಫಿನಾಯಿಲ್, ಮೇಣದಬತ್ತಿ ತರಬೇತಿಗಳನ್ನು ನಾವು ಎಷ್ಟೋ ಸಲ ನಡೆಸಿದ್ದೇವೆ. ಈ ಸಲ ಚಾಕು ಮಾಡುವುದನ್ನು ಕಲಿಯೋಣ ಎಂದಾಗ ಕೆಲವರು ನಕ್ಕಿರಿ. "ಅದು ಗಂಡಸರ ಕೆಲಸ ಅಲ್ವಾ?" ಅಂತ ಕೇಳಿದಿರಿ. ಒಂದು ಮಾತು ಯೋಚಿಸಿ ನೋಡಿ. ಕುಡುಗೋಲು ಹಿಡಿದು ಹುಲ್ಲು ಕೊಯ್ಯುವವರು ಯಾರು? ಈಳಿಗೆಮಣೆಯ ಮುಂದೆ ದಿನಾ ಕೂರುವವರು ಯಾರು? ಕಮ್ಮಾರರ ಮನೆಗಳಲ್ಲಿ ತಿದಿ ಒತ್ತಿದವರು, ದೊಡ್ಡ ಸುತ್ತಿಗೆ ಎತ್ತಿ ಬಡಿದವರು ಹೆಂಗಸರೂ ಹೌದು. ಆದರೆ ಹದ ಹಾಕುವ ವಿದ್ಯೆ ಮಾತ್ರ ಹೆಚ್ಚಾಗಿ ಗಂಡಸರ ಕೈಯಲ್ಲೇ ಉಳಿಯಿತು. ಹೀಗಾಗಿ ಮನೆಯ ಯಜಮಾನ ಹಾಸಿಗೆ ಹಿಡಿದರೆ ಕುಲುಮೆಯೂ ಆರುತ್ತದೆ, ಒಲೆಯೂ ಆರುತ್ತದೆ. ಕೆಲಸ ಅರ್ಧ ಗೊತ್ತಿದ್ದೂ ಅನ್ನ ಕೈತಪ್ಪುವ ಸ್ಥಿತಿ ಇದು.

ಚಾಕುವಿನ ಗುಣ ಇರುವುದು ತೋಳಿನ ಬಲದಲ್ಲಿ ಅಲ್ಲ, ಹದದಲ್ಲಿ. ಒಂದೆಳೆ ಪಾಕ ಯಾವುದು, ಎರಡೆಳೆ ಪಾಕ ಯಾವುದು ಎಂದು ಕಣ್ಣಲ್ಲೇ ಹೇಳುವವರು ನೀವು. ಕಬ್ಬಿಣದ ಹದವೂ ಹಾಗೆಯೇ, ನೋಡಿ ನೋಡಿ ಕಲಿಯಬೇಕಾದದ್ದು.

ಮೊದಲು ಉಕ್ಕು ಎಂದರೇನು ತಿಳಿಯೋಣ. ಕಬ್ಬಿಣದೊಳಗೆ ಸ್ವಲ್ಪ ಇಂಗಾಲ ಸೇರಿದರೆ ಉಕ್ಕು. ಇದು ನಮ್ಮ ನಾಡಿಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯವರು ಉಕ್ಕು ಮಾಡುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾರೆ. ವಿದೇಶದವರು 'ವೂಟ್ಜ್' ಎಂದು ಕರೆದ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂದದ್ದು ಎಂದು ವಿದ್ವಾಂಸರು ಹೇಳುತ್ತಾರೆ.

ಮನೆ ಕಟ್ಟುವ ಕಂಬಿಯಿಂದ ಒಳ್ಳೆಯ ಚಾಕು ಆಗುವುದಿಲ್ಲ. ಅದರಲ್ಲಿ ಇಂಗಾಲ ಸಾಲದು, ಬಾಯಿ ನಿಲ್ಲುವುದಿಲ್ಲ. ಗ್ಯಾರೇಜಿನವರು ಲೀಫ್ ಸ್ಪ್ರಿಂಗ್ ಎನ್ನುವ ಹಳೆಯ ಕಮಾನು ಪಟ್ಟಿ ಒಳ್ಳೆಯದು. ಅದರಲ್ಲಿ ನೂರು ಕಿಲೋಗೆ ಸುಮಾರು ಅರ್ಧ ಕಿಲೋ ಇಂಗಾಲ ಇರುತ್ತದೆ. ಲಾರಿಯ ಪಟ್ಟಿ ತುಂಬಾ ದಪ್ಪ, ಕಲಿಯುವವರಿಗೆ ಕಷ್ಟ. ಜೀಪು ಅಥವಾ ಸಣ್ಣ ಗಾಡಿಯ ತೆಳು ಪಟ್ಟಿಯನ್ನು ಗುಜರಿಯಲ್ಲಿ ಕೊಂಡು, ಅಲ್ಲೇ ಒಂದು ಇಂಚು ಅಗಲ, ಆರು ಇಂಚು ಉದ್ದಕ್ಕೆ ಕತ್ತರಿಸಿಕೊಳ್ಳಿ. ಬಿರುಕು ಇದ್ದರೆ ಬೇಡ. ಜಿಂಕ್ ಲೇಪನ ಇರುವ ತಗಡು, ಪೈಪು ಯಾವತ್ತೂ ಬೆಂಕಿಗೆ ಹಾಕಬೇಡಿ. ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ಸಲಕರಣೆ ಬಹಳ ಬೇಕಿಲ್ಲ. ಅಂಗಳದಲ್ಲಿ ಒಂದು ಗುಂಡಿ ತೋಡಿ ಮಣ್ಣು, ಬೂದಿ ಕಲಸಿ ಮೆತ್ತಿ, ಚೆನ್ನಾಗಿ ಒಣಗಿಸಿ. ಕೆಳಗಿನಿಂದ ಗಾಳಿ ಹೋಗಲು ಬರಿಯ ಕಬ್ಬಿಣದ ಒಂದು ಕೊಳವೆ, ಅದಕ್ಕೆ ಕೈಯಲ್ಲಿ ತಿರುಗಿಸುವ ಬ್ಲೋವರ್. ಇದ್ದಿಲಿಗೆ ತೆಂಗಿನ ಚಿಪ್ಪು ಸಾಕು. ಒಂದು ಕಿಲೋ ತೂಕದ ಸುತ್ತಿಗೆ, ಇಕ್ಕಳ, ಒಂದೆರಡು ಅರ. ಅಡಿಗಲ್ಲಿಗೆ ದೊಡ್ಡ ಸುತ್ತಿಗೆಯ ತಲೆಯನ್ನು ಮರದ ದಿಮ್ಮಿಯಲ್ಲಿ ಕೂರಿಸಿದರೂ ನಡೆಯುತ್ತದೆ. ಯಾರೋ ತಂದುಕೊಟ್ಟ ರೈಲು ಹಳಿಯ ತುಂಡು ಮಾತ್ರ ಬೇಡ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯ ಪ್ರಕಾರ ಅಪರಾಧ. ಹರಾಜಿನಲ್ಲಿ ಬಂದದ್ದೆಂದು ರಸೀದಿ ಇದ್ದರೆ ಮಾತ್ರ ಕೊಳ್ಳಿ.

ಇನ್ನು ಸುರಕ್ಷೆ. ನೈಲಾನ್ ಸೀರೆ ಬೇಡ, ಹತ್ತಿ ಬಟ್ಟೆ ಉಡಿ. ಸೆರಗು ಸಿಕ್ಕಿಸಿ, ಕೂದಲು ಕಟ್ಟಿ. ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಚಪ್ಪಲಿ ಇರಲಿ. ಇದ್ದಿಲ ಹೊಗೆಗೆ ಬಣ್ಣವಿಲ್ಲ, ವಾಸನೆ ಇಲ್ಲ, ಆದರೆ ಪ್ರಾಣ ತೆಗೆಯುತ್ತದೆ. ಆದ್ದರಿಂದ ಬಯಲಲ್ಲೇ ಕೆಲಸ. ಬೆಂಕಿಯ ಸುತ್ತ ಹೊಳೆಯ ಕಲ್ಲು ಜೋಡಿಸಬೇಡಿ, ಒಳಗಿನ ನೀರು ಕಾದು ಸಿಡಿಯುತ್ತದೆ. ಮಕ್ಕಳು ದೂರ ಇರಲಿ. ಕಪ್ಪಗೆ ಕಾಣುವ ಕಬ್ಬಿಣವೂ ಸುಡುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಬಡಿಯುವಾಗ ಪಟ್ಟಿ ಕಿತ್ತಳೆ ಬಣ್ಣಕ್ಕೆ ಬರಲಿ. ಕೆಂಪು ಆರುತ್ತಾ ಬಂದರೆ ನಿಲ್ಲಿಸಿ ಮತ್ತೆ ಕಾಯಿಸಿ. ತಣ್ಣಗಾದದ್ದನ್ನು ಬಡಿದರೆ ಒಳಗೆ ಬಿರುಕು ಬೀಳುತ್ತದೆ. ಬಿಳಿಯಾಗಿ ಕಿಡಿ ಹಾರಿದರೆ ಉಕ್ಕು ಸುಟ್ಟಿತು ಎಂದೇ ಅರ್ಥ. ಮೊದಲು ತುದಿ, ಆಮೇಲೆ ಅಲಗಿನ ಇಳಿಜಾರು, ಕೊನೆಗೆ ಹಿಡಿಯೊಳಗೆ ಹೋಗುವ ಬಾಲ. ಆಕಾರ ಬಂದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ, ಪ್ರತಿ ಸಲ ಗಾಳಿಯಲ್ಲೇ ಆರಲು ಬಿಡಿ. ನಂತರ ಅರದಿಂದ ತಿದ್ದಿ. ಬಾಯಿಯನ್ನು ಈಗಲೇ ಹರಿತ ಮಾಡಬಾರದು. ಒಂದು ರೂಪಾಯಿ ನಾಣ್ಯದಷ್ಟು ದಪ್ಪ ಉಳಿಸಿ.

ಈಗ ಹದದ ಗಳಿಗೆ. ಇದನ್ನು ನೆರಳಲ್ಲಿ ಮಾಡಿ, ಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತದೆ. ಹಳೆಯ ಸ್ಪೀಕರಿನ ಆಯಸ್ಕಾಂತ ಒಂದಿರಲಿ. ಉಕ್ಕು ಸುಮಾರು 770 ಡಿಗ್ರಿ ಕಾದಾಗ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕಿಂತ ಸ್ವಲ್ಪ ಮೇಲೆ ಕಾಯಿಸಿ, ಅಲಗೆಲ್ಲ ಒಂದೇ ಬಣ್ಣ ಬಂದಾಗ, ಕಬ್ಬಿಣದ ಡಬ್ಬದಲ್ಲಿ ಬೆಚ್ಚಗೆ ಮಾಡಿಟ್ಟ ಶೇಂಗಾ ಎಣ್ಣೆಗೆ ನೇರವಾಗಿ ಪೂರ್ತಿ ಮುಳುಗಿಸಿ. ಪಕ್ಕಕ್ಕೆ ಆಡಿಸಿದರೆ ಅಲಗು ಸೊಟ್ಟಗಾಗುತ್ತದೆ. ನೀರಿಗೆ ಅದ್ದಿದರೆ ಇಂಥ ಉಕ್ಕು ಸೀಳಬಹುದು. ಎಣ್ಣೆಗೆ ಬೆಂಕಿ ಹತ್ತಿದರೆ ಡಬ್ಬದ ಮುಚ್ಚಳ ಹಾಕಿ ಆರಿಸಿ, ನೀರು ಸುರಿಯಲೇಬೇಡಿ. ಎಣ್ಣೆ ವ್ಯರ್ಥ ಆಯ್ತಲ್ಲಾ ಅಂತ ಮತ್ತೆ ಅಡಿಗೆಗೂ ಬಳಸಬೇಡಿ. ಮುಂದಿನ ಚಾಕುವಿಗೆ ಎತ್ತಿಡಿ.

ತಣಿದ ಮೇಲೆ ಅರ ಆಡಿಸಿ ನೋಡಿ. ಕಚ್ಚದೆ ಜಾರಿದರೆ ಗಟ್ಟಿಯಾಗಿದೆ. ಆದರೆ ಈಗ ಅದು ಗಾಜಿನ ಹಾಗೆ, ಕೆಳಗೆ ಬಿದ್ದರೆ ಮುರಿಯುತ್ತದೆ. ಗಡಸುತನಕ್ಕೆ ಸ್ವಲ್ಪ ಮೃದುತನ ಸೇರಬೇಕು. ಅಲಗನ್ನು ಉಜ್ಜಿ ಹೊಳಪು ಮಾಡಿ, ಬಾಣಲೆಯ ಬಿಸಿ ಮರಳಿನ ಮೇಲಿಟ್ಟು ನಿಧಾನ ಕಾಯಿಸಿ. ಒಣಹುಲ್ಲಿನ ತಿಳಿ ಹಳದಿ ಬಂದೊಡನೆ ತೆಗೆಯಿರಿ. ಅಡಿಗೆ ಚಾಕುವಿಗೆ ಅದೇ ಹದ. ಮರ ಕಡಿಯುವ ಮಚ್ಚಿಗೆ ಇನ್ನೂ ಮುಂದೆ, ಕಂದು ನೇರಳೆವರೆಗೆ ಬಿಡುತ್ತಾರೆ. ಹತ್ತಿರದಲ್ಲಿ ಬೇಕರಿ ಇದ್ದರೆ 200 ಡಿಗ್ರಿ ಓವನ್ನಿನಲ್ಲಿ ಒಂದೊಂದು ಗಂಟೆಯಂತೆ ಎರಡು ಸಲ ಇಟ್ಟರೆ ಇನ್ನೂ ನಿಶ್ಚಿತ. ಆಮೇಲೆ ಮರದ ಹಿಡಿ, ಸಾಣೆಕಲ್ಲು.

ಸಾಲದ ವಿಷಯ ಹೇಳದೆ ಮುಗಿಸುವ ಹಾಗಿಲ್ಲ. ತರಬೇತಿ ಮುಗಿದ ವಾರದಲ್ಲೇ ಯಂತ್ರಕ್ಕೆಂದು ಸಾಲ ಎತ್ತುವುದು ಬೇಡ. ಸಂಘದಿಂದ ಒಂದೇ ಕುಲುಮೆ ಮಾಡಿ. ಮಾಡಿದ ಮೊದಲ ಚಾಕುಗಳನ್ನು ನಿಮ್ಮ ನಿಮ್ಮ ಅಡಿಗೆಮನೆಯಲ್ಲೇ ಮೂರು ತಿಂಗಳು ಬಳಸಿ. ಬಾಯಿ ಮಡಚಿತೇ, ಚಕ್ಕೆ ಎದ್ದಿತೇ ಎಂದು ಸಭೆಯಲ್ಲಿ ವರದಿ ಮಾಡಿ, ಪುಸ್ತಕದಲ್ಲಿ ಬರೆಯಿರಿ. ಬೆಲೆ ಕಟ್ಟುವಾಗ ಕಬ್ಬಿಣ, ಇದ್ದಿಲು, ಎಣ್ಣೆ, ಹಿಡಿಯ ಜೊತೆಗೆ ನಿಮ್ಮ ಕೂಲಿಯನ್ನೂ ಸೇರಿಸಿ. ನಮ್ಮ ಹೆಂಗಸರ ಲೆಕ್ಕದಲ್ಲಿ ಯಾವಾಗಲೂ ಬಿಟ್ಟುಹೋಗುವುದು ಅದೊಂದೇ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ಆದರೆ ಅದು ಈಗಾಗಲೇ ಕಸುಬು ಮಾಡುವವರಿಗೆ, ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಕುಲುಮೆಯಲ್ಲಿ ದುಡಿಯುವ ಸಹೋದರಿಯರೇ, ಆ ಒಬ್ಬರು ಯಾರಾಗಬೇಕು ಎಂದು ಮನೆಯಲ್ಲಿ ಕೂತು ಮಾತಾಡಿ.

ಊರಿನಲ್ಲಿ ಹಿರಿಯ ಕಮ್ಮಾರರು ಇದ್ದರೆ ಅವರಿಗೆ ಪೈಪೋಟಿ ಕೊಡಬೇಡಿ, ಅವರನ್ನೇ ಗುರುವಾಗಿ ಕರೆಯಿರಿ. ಬಂದ ದಿನದ ಕೂಲಿಯನ್ನು ಸಂಘದಿಂದ ತಪ್ಪದೆ ಕೊಡಿ.

ಕೊನೆಗೆ ಒಂದು ಮಾತು. ನಮ್ಮ ಕುಲುಮೆಯಿಂದ ಹೊರಡುವುದು ಅಡಿಗೆಗೆ, ಹೊಲಕ್ಕೆ ಬೇಕಾದ ಉಪಕರಣ ಮಾತ್ರ. ಯಾರಾದರೂ ಬಂದು ಉದ್ದನೆಯ ಕತ್ತಿ ಮಾಡಿಕೊಡಿ, ಹೆಚ್ಚು ದುಡ್ಡು ಕೊಡ್ತೀವಿ ಅಂದರೆ ಬೇಡ ಎನ್ನಿ. ಕಾನೂನಿನ ತೊಡಕು ಒಂದು ಕಡೆ, ಮನಸ್ಸಾಕ್ಷಿ ಇನ್ನೊಂದು ಕಡೆ. ಯುದ್ಧದ ಕಬ್ಬಿಣ ಉಳುಮೆಯ ಕಬ್ಬಿಣವಾಗುವ ದಿನವನ್ನು ಪ್ರವಾದಿ ಯೆಶಾಯ ಎದುರುನೋಡಿದ. ಮೇ 1ರಂದು ನಾವು ಹಬ್ಬ ಆಚರಿಸುವ ಕಾರ್ಮಿಕ ಸಂತ ಜೋಸೆಫರು ಉಪಕರಣ ಹಿಡಿದೇ ಸಂಸಾರ ಸಾಕಿದವರು. ಆಯುಧಪೂಜೆಯ ದಿನ ಈಳಿಗೆಗೂ ಕುಂಕುಮ ಇಡುವ ಸಹೋದರಿಯರೂ ನಮ್ಮ ಸಂಘಗಳಲ್ಲಿ ಇದ್ದೀರಿ. ದುಡಿಯುವ ಕಬ್ಬಿಣಕ್ಕೆ ಗೌರವ ಕೊಡುವುದು ನಮಗೆಲ್ಲರಿಗೂ ಗೊತ್ತು.

ಮುಂದಿನ ಸಭೆಗೆ ಪ್ರತಿ ಸಂಘದಿಂದ ಒಂದೇ ಒಂದು ಚಾಕು ತನ್ನಿ. ಅಂದವಾಗಿ ಇರಬೇಕೆಂದಿಲ್ಲ. ಒಂದು ತೆಂಗಿನಕಾಯಿ ಸುಲಿದ ನಾರು ಕತ್ತರಿಸಿ, ಆಮೇಲೂ ಟೊಮೆಟೊ ಜಜ್ಜದೆ ಕೊಯ್ದರೆ ಸಾಕು. ದೇವರು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.