ಬೆನ್ನಿನ ಮೇಲಿನ ವಿಷ

(ಮಲ್ಲಂದೂರಿನಲ್ಲಿ ತೋಟದ ಕಾರ್ಮಿಕರು, ಕಾಫಿ ಕ್ಯೂರಿಂಗ್ ಕಾರ್ಮಿಕರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಬೆಟ್ಟದ ತೋಟಗಳಲ್ಲಿ ವಿಷಕ್ಕೆ 'ಔಷಧಿ' ಎಂದು ಹೆಸರು. 'ಇವತ್ತು ಔಷಧಿ ಹೊಡೆಯುವ ಕೆಲಸ' ಎಂದು ಮೇಸ್ತ್ರಿ ಹೇಳುತ್ತಾನೆ. ಆಳು ಪಂಪನ್ನು ಬೆನ್ನಿಗೇರಿಸುತ್ತಾನೆ. ಗಿಡದ ಪಾಲಿಗೆ ಅದು ಔಷಧಿಯೇ ಇರಬಹುದು. ಹೊಡೆಯುವವನ ಪಾಲಿಗೆ ಅದೇನೆಂಬುದೇ ನಾವು ಈ ದಿನ ಎತ್ತಿರುವ ಪ್ರಶ್ನೆ.

ಕಾಫಿಗೆ ಹುಳುವಿಲ್ಲ, ರೋಗವಿಲ್ಲ ಎಂದು ನಾವು ವಾದಿಸುವುದಿಲ್ಲ. ಬಿಳಿ ಕಾಂಡಕೊರಕ ಹುಳು ಅರೇಬಿಕಾ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿ ಕಾಂಡವನ್ನು ಕೊರೆದು ಒಳಗೇ ಬೆಳೆಯುತ್ತದೆ. ಹುಳು ಹಿಡಿದ ಗಿಡವನ್ನು ಕಿತ್ತು ಸುಡಬೇಕು. ಎರಡು ಎಕರೆಯವನಿಗೆ ಇದು ಹೊಟ್ಟೆಯ ಪ್ರಶ್ನೆ. ಆದ್ದರಿಂದಲೇ ವರ್ಷಗಟ್ಟಲೆ ಕಾಂಡಕ್ಕೆ ಲಿಂಡೇನ್ ಹೊಡೆದರು. ಹೊಡೆಯಿರೆಂದು ತಜ್ಞರೂ ಹೇಳಿದರು. 2013ರಲ್ಲಿ ನಮ್ಮ ದೇಶದಲ್ಲಿ ಅದರ ಬಳಕೆ ನಿಂತಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು, ಲಿಂಡೇನ್ ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುವೆಂದೇ ಸಾರಿತು. ಒಳ್ಳೆಯದು, ನಿಂತಿತು. ಆದರೆ ಅಷ್ಟು ವರ್ಷ ಬರಿಗೈಯಲ್ಲಿ ಅದನ್ನು ಕಲಸಿ ಹೊಡೆದವರನ್ನು ಕರೆದು, ನಿನ್ನ ಮೈ ಹೇಗಿದೆಯಪ್ಪ ಎಂದು ಕೇಳಿದವರು ಯಾರು?

ಲಿಂಡೇನ್ ಹೋಗಿ ಅದರ ಜಾಗಕ್ಕೆ ಕ್ಲೋರ್‌ಪೈರಿಫಾಸ್ ಬಂತು. ಇದು ಬೇರೆ ಜಾತಿಯ ವಿಷ. ಮೈಯ ನರಗಳು ಕೆಲಸ ಮಾಡಿದ ಮೇಲೆ ಅವುಗಳನ್ನು ಸುಮ್ಮನಾಗಿಸುವ ಒಂದು ವಸ್ತು ರಕ್ತದಲ್ಲಿಯೂ ನರಗಳಲ್ಲಿಯೂ ಇದೆ. ಈ ವಿಷ ಅದನ್ನೇ ಕಟ್ಟಿಹಾಕುತ್ತದೆ. ಆಗ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು. ಹೆಚ್ಚಾದರೆ ಉಸಿರೇ ಕಟ್ಟುತ್ತದೆ. ಕುಡಿದರೆ ಮಾತ್ರವಲ್ಲ, ಚರ್ಮದ ಮೂಲಕವೂ ಇಳಿಯುತ್ತದೆ. ಸೋರುವ ಪಂಪು, ತೊಯ್ದ ಅಂಗಿ, ಅದರ ಮೇಲೆ ಇಡೀ ದಿನದ ದುಡಿಮೆ, ಇನ್ನೇನು ಬೇಕು? ಸಂಜೆ ತಲೆ ಸುತ್ತಿದರೆ ಬಿಸಿಲಿನ ದೋಷವೆಂದೋ ಕುಡಿತದ ದೋಷವೆಂದೋ ತೀರ್ಪು.

ಈಗ ವಿಚಿತ್ರ ನೋಡಿ. 2020ರಲ್ಲಿ ಯೂರೋಪಿನ ಒಕ್ಕೂಟ ಕ್ಲೋರ್‌ಪೈರಿಫಾಸನ್ನು ಬಹಿಷ್ಕರಿಸಿತು. ಹೊರಗಿನಿಂದ ಬರುವ ಕಾಫಿ ಬೀಜದಲ್ಲಿಯೂ ಕಿಲೋಗ್ರಾಮಿಗೆ 0.01 ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದೆಂದು ಗೊತ್ತುಮಾಡಿತು. ನಮ್ಮ ಕ್ಯೂರಿಂಗ್ ಕಾರ್ಮಿಕ ಹೆಣ್ಣುಮಕ್ಕಳು ಒಂದೊಂದೇ ಕಾಳು ಆರಿಸಿ ಕಳಿಸುವ ಬೀಜವನ್ನು ಅಲ್ಲಿ ಯಂತ್ರದಲ್ಲಿಟ್ಟು ಪರೀಕ್ಷಿಸುತ್ತಾರೆ. ಕುಡಿಯುವವನ ಬಟ್ಟಲಿಗೆ ಪರೀಕ್ಷೆಯುಂಟು. ಹೊಡೆದವನ ರಕ್ತಕ್ಕೆ ಪರೀಕ್ಷೆಯಿಲ್ಲ.

ಕಾನೂನು ಇಲ್ಲವೆಂದು ತಿಳಿಯಬೇಡಿ. 1971ರ ಕೀಟನಾಶಕ ನಿಯಮಗಳು ವಿಷ ಸಿಂಪಡಿಸುವವರಿಗೆ ವೈದ್ಯ ಪರೀಕ್ಷೆ ಆಗಬೇಕು, ರಕ್ಷಣೆಯ ಉಡುಪು ಕೊಡಬೇಕು, ಪ್ರತಿವಿಷ ಕೈಗೆಟುಕುವಂತಿರಬೇಕು, ತರಬೇತಿ ಕೊಡಬೇಕು ಎನ್ನುತ್ತವೆ. 1951ರ ತೋಟ ಕಾರ್ಮಿಕರ ಕಾಯಿದೆಗೆ 2010ರಲ್ಲಿ ತಿದ್ದುಪಡಿ ತಂದಾಗ ಅದರಲ್ಲಿಯೂ ಇದನ್ನು ಬರೆದರು. ಬರೆದದ್ದು ಬರೆದಂತೆಯೇ ಉಳಿಯಿತು.

ಈ ಕಾಯಿದೆ ಹುಟ್ಟಿದ ಕಥೆಯನ್ನು ವರ್ತಕ ಮಿತ್ರರು ಕೇಳಬೇಕು. 1958ರಲ್ಲಿ ಕೇರಳಕ್ಕೆ ಹೊರಟ ಹಡಗೊಂದರಲ್ಲಿ ಗೋಧಿಹಿಟ್ಟಿನ ಮೂಟೆಗಳನ್ನೂ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನೂ ಒಟ್ಟಿಗೆ ಹೇರಿದ್ದರು. ವಿಷ ಸೋರಿ ಹಿಟ್ಟಿಗಿಳಿಯಿತು. ಅದನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಹತ್ತು ವರ್ಷ ಕಳೆದು 1968ರಲ್ಲಿ ಕೀಟನಾಶಕ ಕಾಯಿದೆ ಬಂತು. ವಿಷವನ್ನು ತಿನ್ನುವ ಪದಾರ್ಥದೊಡನೆ ಇಡಬಾರದು, ಬೇರೆ ಕೋಣೆಯಲ್ಲೋ ಬೀಗ ಹಾಕಿದ ಬೀರುವಿನಲ್ಲೋ ಇಡಬೇಕು ಎಂಬ ನಿಯಮದ ಹಿಂದೆ ಆ ಹೆಣಗಳಿವೆ. ಅಕ್ಕಿ, ಸೋಪು, ಕಳೆ ಔಷಧಿ ಎಲ್ಲವೂ ಒಂದೇ ಹಲಗೆಯ ಮೇಲಿರುವ ಅಂಗಡಿಯನ್ನು ನೀವೂ ಕಂಡಿದ್ದೀರಿ, ನಾವೂ ಕಂಡಿದ್ದೇವೆ.

ಕಳೆ ಔಷಧಿಯ ಮಾತು ಬಂತು. ಪ್ಯಾರಾಕ್ವಾಟ್ ಎಂಬುದಕ್ಕೆ ಪ್ರತಿವಿಷವೇ ಇಲ್ಲ. ಒಂದು ಗುಟುಕು ಒಳಗೆ ಹೋದರೂ ಶ್ವಾಸಕೋಶ ಗಟ್ಟಿಯಾಗುತ್ತಾ ಮನುಷ್ಯ ದಿನಗಟ್ಟಲೆ ನರಳಿ ಸಾಯುತ್ತಾನೆ. ಯೂರೋಪು ಇದನ್ನು 2007ರಲ್ಲಿಯೇ ಹೊರಗಟ್ಟಿತು. ಆದರೆ ಆಮೇಲೂ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಕಾರ್ಖಾನೆಯಲ್ಲಿ ಅದನ್ನು ತಯಾರಿಸಿ ಹೊರದೇಶಗಳಿಗೆ ಕಳಿಸಿದರು. ತನ್ನ ಹೊಲಕ್ಕೆ ಬೇಡವಾದದ್ದು ಪರರ ಹೊಲಕ್ಕೆ ಆಗಬಹುದೆಂಬ ನ್ಯಾಯ ಇದು. ಗ್ಲೈಫೋಸೇಟ್ ಕ್ಯಾನ್ಸರ್ ತರುವ ಸಂಭವವಿದೆಯೆಂದು ಅದೇ ಕ್ಯಾನ್ಸರ್ ಮಂಡಲಿ 2015ರಲ್ಲಿ ಹೇಳಿತು. ಅಮೆರಿಕದ ಸರ್ಕಾರಿ ಇಲಾಖೆ ಇದನ್ನು ಒಪ್ಪಲಿಲ್ಲ, ವಾದ ಮುಗಿದಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ, ಪರವಾನಗಿ ಪಡೆದ ಕೀಟನಿಯಂತ್ರಕರಲ್ಲದೆ ಬೇರೆಯವರು ಅದನ್ನು ಬಳಸಕೂಡದೆಂದು ಆದೇಶ ಹೊರಡಿಸಿತು.

ಇದರಲ್ಲಿ ಕೂಲಿಯ ಪ್ರಶ್ನೆಯೂ ಅಡಗಿದೆ. ಕಳೆ ತೆಗೆಯುವುದು ಹೆಣ್ಣಾಳುಗಳ ಕೆಲಸವಾಗಿತ್ತು. ಹತ್ತು ಹೆಂಗಸರ ವಾರದ ದುಡಿಮೆಯನ್ನು ಒಬ್ಬ ಗಂಡಸು, ಒಂದು ಪಂಪು, ಒಂದು ಡಬ್ಬಿ ಮುಗಿಸುತ್ತವೆ. ಆಳು ಸಿಗುವುದಿಲ್ಲವೆಂದು ಮಾಲೀಕರು ಹೇಳುವುದರಲ್ಲಿ ಸುಳ್ಳಿಲ್ಲ. ಏಕೆ ಸಿಗುವುದಿಲ್ಲವೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಖಾಸಗಿ ಮಾಲೀಕನೊಬ್ಬನೇ ಅಪರಾಧಿಯೆಂದು ಸಮಾಜವಾದಿಗಳಾದ ನಾವು ಹೇಳಿಬಿಟ್ಟರೆ ಕಾಸರಗೋಡು ಎದ್ದು ನಿಂತು ಪ್ರಶ್ನಿಸುತ್ತದೆ. ಅಲ್ಲಿಯ ಗೇರು ತೋಟ ಕೇರಳ ಸರ್ಕಾರದ್ದೇ ನಿಗಮದ್ದು. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕನ್ನಡ ಮಾತಾಡುವ ಎಣ್ಮಕಜೆಯ ಪಡ್ರೆ ಹಳ್ಳಿಯ ಬಾವಿ, ತೊರೆಗಳ ಮೇಲೂ ಅದು ಬಿತ್ತು. ಮಕ್ಕಳ ಅಂಗವೈಕಲ್ಯವನ್ನು ಮೊದಲು ಗುರುತಿಸಿದವರು ಅಲ್ಲಿಯ ವೈದ್ಯ ಡಾ. ಮೋಹನ ಕುಮಾರ್, ಊರಿಗೂರು ತಿಳಿಯುವಂತೆ ಬರೆದವರು ಪತ್ರಕರ್ತ ಶ್ರೀ ಪಡ್ರೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆಯಿತು. 2017ರ ಜನವರಿಯಲ್ಲಿ, ನೊಂದವರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಕಥೆಯೂ ಇದೇ, ಅಲ್ಲಿಯೂ ಸರ್ಕಾರಿ ಗೇರು ನಿಗಮವೇ.

ಹಾಗೆಂದು ಕಂಡ ಕಾಯಿಲೆಯನ್ನೆಲ್ಲ ವಿಷದ ತಲೆಗೆ ಕಟ್ಟಬಾರದು. ಸಾಗರದ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬಡ ಕೂಲಿಗಾರರ ಸೊಂಟ, ಕೀಲುಗಳು ಸವೆದು ಹೋದಾಗ, ಗದ್ದೆಯ ವಿಷ ಸೇರಿದ ಏಡಿ ತಿಂದದ್ದೇ ಕಾರಣವೆಂದು ಮೊದಲು ಶಂಕಿಸಿದರು. ಮುಂದೆ ಅದು ವಂಶಪಾರಂಪರ್ಯದ ರೋಗವೆಂದು ತಿಳಿಯಿತು. ಸತ್ಯ ನಮ್ಮ ಘೋಷಣೆಗೆ ಅನುಕೂಲವಾಗಿರಲೇಬೇಕೆಂದಿಲ್ಲ.

ಕುಲಾಂತರಿ ಬೆಳೆಯ ವಿಷಯದಲ್ಲಿಯೂ ಹೀಗೆಯೇ. ಅದನ್ನು ತಿಂದವರಿಗೆ ಕಾಯಿಲೆ ಬಂದದ್ದು ಸಾಬೀತಾಗಿಲ್ಲ. ಬಿಟಿ ಬದನೆಯನ್ನು 2010ರಲ್ಲಿ ತಡೆಹಿಡಿದರು, ಸರಿ. ಆದರೆ 2002ರಿಂದ ಬಿಟಿ ಹತ್ತಿ ಬೆಳೆಯುತ್ತಿದೆ. ಹತ್ತಿಬೀಜದ ಎಣ್ಣೆ ಅಡುಗೆಗೂ ಹಿಂಡಿ ದನಕ್ಕೂ ಹೋಗುತ್ತದೆ. ಗಿರಣಿಯಲ್ಲಿ ಅರೆಯುವವನಿಗೂ, ಅಂಗಡಿಯಲ್ಲಿ ಮಾರುವವನಿಗೂ, ಕೊಳ್ಳುವವನಿಗೂ ಇದನ್ನು ಯಾರೂ ಹೇಳಲಿಲ್ಲ. ನಮ್ಮ ತಕರಾರು ಅಲ್ಲಿದೆ. ಇನ್ನೊಂದು: ಕಳೆನಾಶಕ ಹೊಡೆದರೂ ಸಾಯದ ಬೆಳೆಯನ್ನು ಮಾಡಿ, ಬೀಜವನ್ನೂ ವಿಷವನ್ನೂ ಒಂದೇ ಕಂಪನಿ ಮಾರುವುದು ವಿಜ್ಞಾನಕ್ಕಿಂತ ಹೆಚ್ಚಾಗಿ ವ್ಯಾಪಾರ.

ಈಗ ಕೆಲಸದ ಮಾತು. ಡಬ್ಬಿಯ ಮೇಲೆ ಬಣ್ಣದ ಗುರುತಿರುತ್ತದೆ: ಕೆಂಪು ಅತಿ ಉಗ್ರ, ಆಮೇಲೆ ಹಳದಿ, ನೀಲಿ, ಹಸಿರು. ಓದು ಬಾರದವರಿಗೂ ಇದನ್ನು ಕಲಿಸಿ. ಬಿಡಿಯಾಗಿ, ಬೇರೆ ಶೀಸೆಗೆ ಸುರಿದು ಮಾರುವುದನ್ನು ವರ್ತಕರು ಈ ದಿನವೇ ನಿಲ್ಲಿಸಿ. ರಕ್ತ ಪರೀಕ್ಷೆ ಆಗುವ ತನಕ ಪಂಪು ಎತ್ತುವುದಿಲ್ಲವೆಂದು ತೋಟದವರು ಒಟ್ಟಾಗಿ ಹೇಳಿ. ಒಬ್ಬನೇ ಹೇಳಿದರೆ ಮರುದಿನ ಅವನಿಗೆ ಕೆಲಸವಿರುವುದಿಲ್ಲ. ಖಾಲಿ ಡಬ್ಬಿಯಲ್ಲಿ ಲೈನು ಮನೆಗೆ ನೀರು ಹೊರಬೇಡಿ. ಹೊಡೆಯುವ ದಿನ ಡಬ್ಬಿಯ ಹೆಸರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಮಲ್ಲಂದೂರಿನ ತಿರುವುಗಳನ್ನಿಳಿದು ಚಿಕ್ಕಮಗಳೂರಿನ ಆಸ್ಪತ್ರೆ ಸೇರಿದಾಗ ವೈದ್ಯರು ಮೊದಲು ಕೇಳುವುದು 'ಯಾವ ಔಷಧಿ?' ಎಂದು. ಅಷ್ಟು ಹೊತ್ತಿಗೆ ಉತ್ತರ ಹೇಳುವ ಸ್ಥಿತಿಯಲ್ಲಿ ನೀವು ಇರಲಾರಿರಿ.