ನಳದ ಕಟ್ಟೆಯಿಂದ ವಿಧಾನಸಭೆಗೆ: ಮೃಣಾಲ್ ಗೋರೆ ಮತ್ತು ಜನರ ಆರೋಗ್ಯ



ಜನರ ಆರೋಗ್ಯಕ್ಕಾಗಿ ಒಬ್ಬ ಶಾಸಕರು ಏನು ಮಾಡಬಲ್ಲರು ಎಂಬ ವಿಷಯವನ್ನು ನೀವು ನನಗೆ ಒಪ್ಪಿಸಿದಿರಿ. ಉದಾಹರಣೆಗಾಗಿ ನಾನು ದೂರ ಹೋಗಬೇಕಾಗಲಿಲ್ಲ. ಮುಂಬಯಿಯ ಗೋರೆಗಾಂವಿನ ಆರೆ ರಸ್ತೆಯ ಕೇಶವ ಗೋರೆ ಸ್ಮಾರಕದ ಸಭಾಗೃಹ ಇಲ್ಲಿನ ಕನ್ನಡಿಗರಿಗೆ ಪರಿಚಿತ ಜಾಗ. ಆ ಕೇಶವ ಗೋರೆಯವರ ಪತ್ನಿ ಮೃಣಾಲ್ ಗೋರೆಯವರ ಬಗ್ಗೆಯೇ ನನ್ನ ಇಂದಿನ ಮಾತು. ‘ಪಾಣಿವಾಲಿ ಬಾಯಿ’, ಅಂದರೆ ನೀರಿನ ಹೆಂಗಸು, ಎಂದು ಮುಂಬಯಿ ಅವರನ್ನು ನೆನೆಯುತ್ತದೆ. ಬೆಲೆ ಏರಿಕೆಯ ವಿರುದ್ಧ ಗೃಹಿಣಿಯರ ಕೈಗೆ ಲಟ್ಟಣಿಗೆ ಕೊಟ್ಟು ಬೀದಿಗಿಳಿಸಿದವರೆಂದೂ ನೆನೆಯುತ್ತದೆ. ಆರೋಗ್ಯ ನೀತಿಯ ಮಾತು ಬಂದಾಗ ಮಾತ್ರ ಅವರ ಹೆಸರು ಯಾರ ನಾಲಿಗೆಗೂ ಬರುವುದಿಲ್ಲ. ಬರಬೇಕು ಎಂಬುದೇ ನನ್ನ ವಾದ.

1928ರಲ್ಲಿ ಹುಟ್ಟಿದ ಅವರು ವೈದ್ಯಕೀಯ ವಿದ್ಯಾರ್ಥಿನಿಯಾಗಿದ್ದರು. ಓದನ್ನು ಅರ್ಧಕ್ಕೇ ಬಿಟ್ಟು ರಾಷ್ಟ್ರ ಸೇವಾ ದಳದ, ಸಮಾಜವಾದಿ ಚಳವಳಿಯ ಕೆಲಸಕ್ಕೆ ಬಂದರು. ಕೇಶವರನ್ನು ಮದುವೆಯಾಗಿ ಗೋರೆಗಾಂವಿನಲ್ಲಿ ನೆಲೆಸಿದಾಗ ಇದು ಇನ್ನೂ ಮುಂಬಯಿ ಮಹಾನಗರಪಾಲಿಕೆಯ ಹೊರಗಿನ ಊರು. ಪಾಲಿಕೆಗೆ ಸೇರಿದ್ದು 1957ರಲ್ಲಿ. ಐವತ್ತರ ದಶಕದಲ್ಲಿ ಅವರು ಇಲ್ಲಿನ ಹೆಂಗಸರನ್ನು ಮಹಿಳಾ ಮಂಡಳದಲ್ಲಿ ಕೂಡಿಸಿ ಕುಟುಂಬ ಯೋಜನೆಯ ಕೆಲಸಕ್ಕೆ ಕೈಹಾಕಿದರು. ಗರ್ಭನಿರೋಧದ ಮಾತನ್ನು ನಾಲ್ಕು ಜನರ ನಡುವೆ ಎತ್ತಲು ಆಗ ಎದೆಗಾರಿಕೆ ಬೇಕಿತ್ತು. ಈ ಕೆಲಸದ ಬೇರುಗಳು ನಮ್ಮ ಕಡೆಯೂ ಇವೆ ಎಂಬುದನ್ನು ಇಲ್ಲಿ ಹೇಳಬೇಕು. ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು 1930ರಲ್ಲೇ ಮುಂದಾದದ್ದು ಮೈಸೂರು ಸಂಸ್ಥಾನ. 1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದವರಲ್ಲಿ ಮುಖ್ಯರಾದ ಧನ್ವಂತಿ ರಾಮರಾವ್ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ.

1958ರಲ್ಲಿ ಕೇಶವ ಗೋರೆ ತೀರಿಕೊಂಡರು. ಎಳೆಯ ಮಗಳನ್ನು ಕಟ್ಟಿಕೊಂಡು ಮೃಣಾಲ್ 1961ರಲ್ಲಿ ನಗರಸೇವಕಿಯಾದರು. 

ಅವರ ನೀರಿನ ಹೋರಾಟವನ್ನು ನಾವು ಸೌಕರ್ಯದ ಹೋರಾಟವೆಂದುಕೊಂಡಿದ್ದೇವೆ. ನನ್ನ ಕಣ್ಣಿಗೆ ಅದು ವೈದ್ಯಕೀಯ ಕೆಲಸ. ಝೋಪಡಪಟ್ಟಿಯ ಒಂದು ನಳವನ್ನು ಹತ್ತಿರದಿಂದ ನೋಡಿ. ನೀರು ಬರುವುದು ದಿನಕ್ಕೆ ಒಂದೆರಡು ಗಂಟೆ. ನೀರು ನಿಂತ ಮೇಲೆ ಕೊಳವೆಯೊಳಗೆ ಒತ್ತಡ ಇಳಿಯುತ್ತದೆ. ಆಗ ಸಣ್ಣ ಬಿರುಕಿದ್ದರೂ ಸಾಕು, ಪಕ್ಕದ ಗಟಾರದ ಕೊಳಕು ಒಳಗೆ ಸೇರುತ್ತದೆ. ಮರುದಿನ ಮೊದಲು ಬರುವ ನೀರು ಆ ಕೊಳಕನ್ನೇ ಕೊಡಕ್ಕೆ ತಂದು ಸುರಿಯುತ್ತದೆ. ಅದರಿಂದಲೇ ಕಾಮಾಲೆ, ಟೈಫಾಯಿಡ್, ಮಕ್ಕಳ ಭೇದಿ. ನಾಳೆ ನೀರು ಬರುತ್ತದೋ ಇಲ್ಲವೋ ಎಂದು ಡ್ರಮ್ಮಿನಲ್ಲಿ ತುಂಬಿಟ್ಟರೆ ಅದರಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಇಷ್ಟಕ್ಕೆಲ್ಲ ಆಸ್ಪತ್ರೆಯಲ್ಲಿ ಔಷಧ ಕೊಡಬಹುದು. ನಿಲ್ಲಿಸಬೇಕಾದದ್ದು ಮಾತ್ರ ಕೊಳವೆಯ ಹತ್ತಿರವೇ. ಅನಧಿಕೃತ ಗುಡಿಸಲಿಗೆ ನಳ ಕೊಟ್ಟರೆ ಅದನ್ನು ಅಧಿಕೃತಗೊಳಿಸಿದಂತಾಗುತ್ತದೆ ಎಂಬುದು ಆಡಳಿತದ ಹಳೆಯ ತಕರಾರು. ಮೃಣಾಲ್ ಅವರು ಹೆಂಗಸರ ಮೋರ್ಚಾ ಕಟ್ಟಿ ಆ ತಕರಾರಿನ ಎದುರು ನಿಂತರು. ಮುಂಬಯಿ ಹೈಕೋರ್ಟ್ ನೀರನ್ನು ಬದುಕುವ ಹಕ್ಕಿನ ಜೊತೆ ಸೇರಿಸಿ, ಅನಧಿಕೃತ ಗುಡಿಸಲಿನವರಿಗೂ ಅದನ್ನು ನಿರಾಕರಿಸುವಂತಿಲ್ಲ ಎಂದದ್ದು 2014ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಅವರು ಕಾಲವಾಗಿ ಎರಡು ವರ್ಷ ದಾಟಿತ್ತು.

1972ರಲ್ಲಿ ಅವರು ಮಹಾರಾಷ್ಟ್ರ ವಿಧಾನಸಭೆಗೆ ಬಂದರು. ಮೂರು ವರ್ಷಕ್ಕೆ ತುರ್ತುಪರಿಸ್ಥಿತಿ ಬಂತು, ಭೂಗತರಾಗಿದ್ದ ಅವರು ಕೊನೆಗೆ ಜೈಲು ಸೇರಿದರು. 1976ರಲ್ಲಿ ಇದೇ ರಾಜ್ಯದ ಶಾಸನಸಭೆ, ಮೂರು ಮಕ್ಕಳಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯಗೊಳಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ರಾಷ್ಟ್ರಪತಿಗಳ ಅಂಕಿತ ಸಿಗದೆ ಅದು ಕಾನೂನಾಗಲಿಲ್ಲ. ಹೆಂಗಸರನ್ನು ಕೂರಿಸಿಕೊಂಡು, ತಿಳಿಸಿ ಹೇಳಿ, ಒಪ್ಪಿಗೆಯಿಂದ ಕುಟುಂಬ ಯೋಜನೆಯನ್ನು ಹಬ್ಬಿಸಿದ ಒಬ್ಬರನ್ನು ತುರ್ತುಪರಿಸ್ಥಿತಿ ಜೈಲಿಗೆ ಹಾಕಿತು. ಹೊರಗೆ ಅದೇ ಕಾರ್ಯಕ್ರಮ ಪೊಲೀಸರ ಕೈಗೆ ಹೋಯಿತು. ಆ ಹೆದರಿಕೆ ಮುಂದೆ ಎಷ್ಟು ವರ್ಷ ಆರೋಗ್ಯ ಕಾರ್ಯಕರ್ತೆಯರ ಎದುರು ಬಾಗಿಲು ಮುಚ್ಚಿಸಿತು ಎಂಬುದು ಆ ಕಾಲವನ್ನು ಕಂಡವರಿಗೆಲ್ಲ ಗೊತ್ತು.

1977ರಲ್ಲಿ ಲೋಕಸಭೆ, 1985ರಲ್ಲಿ ಮತ್ತೆ ವಿಧಾನಸಭೆ. ಅವರ ಅತಿ ದೊಡ್ಡ ಆರೋಗ್ಯ ಕಾರ್ಯ ವಿಧಾನಸಭೆಯ ಈ ಎರಡನೆಯ ಸರದಿಯದು: ಭ್ರೂಣಲಿಂಗ ಪತ್ತೆಯ ವಿರುದ್ಧದ ಹೋರಾಟ.

ಗರ್ಭಜಲ ಪರೀಕ್ಷೆ ಭಾರತಕ್ಕೆ ಬಂದದ್ದು ಶಿಶುವಿನ ಆನುವಂಶಿಕ ದೋಷಗಳನ್ನು ಪತ್ತೆ ಮಾಡಲು. ಬಸುರಿಯ ಹೊಟ್ಟೆಗೆ ಸೂಜಿ ಚುಚ್ಚಿ ನೀರು ತೆಗೆಯಬೇಕು, ಅದರಲ್ಲಿನ ಜೀವಕೋಶ ಬೆಳೆಸಬೇಕು, ವರದಿಗೆ ವಾರಗಟ್ಟಲೆ ಕಾಯಬೇಕು. ಹೆಣ್ಣೆಂದು ಗೊತ್ತಾಗಿ ಗರ್ಭ ತೆಗೆಸುವ ಹೊತ್ತಿಗೆ ಸುಮಾರು ಐದು ತಿಂಗಳಾಗಿರುತ್ತಿತ್ತು. ತಾಯಿಯ ಜೀವಕ್ಕೂ ಅಪಾಯ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಿಂಗ ಪತ್ತೆಗೆ ಇದನ್ನು ಬಳಸದಂತೆ ಕೇಂದ್ರ 1978ರಲ್ಲಿ ತಡೆದಾಗ ವ್ಯಾಪಾರ ಖಾಸಗಿ ಕ್ಲಿನಿಕ್ಕುಗಳಿಗೆ ಹೋಯಿತು. ಮುಂದೆ ಕೊಡಬೇಕಾದ ವರದಕ್ಷಿಣೆಯ ಲೆಕ್ಕ ತೋರಿಸಿ, ಈಗ ಐನೂರು ಖರ್ಚು ಮಾಡಿ ಎಂಬ ಜಾಹೀರಾತುಗಳು ರಾಜಾರೋಷವಾಗಿ ಬಂದವು. 1986ರ ಒಂದು ಸಮೀಕ್ಷೆಯಲ್ಲಿ ಮುಂಬಯಿಯ 50 ಪ್ರಸೂತಿ ತಜ್ಞರ ಪೈಕಿ 42 ಮಂದಿ ಲಿಂಗ ಪತ್ತೆಗಾಗಿ ಈ ಪರೀಕ್ಷೆ ನಡೆಸುತ್ತಿದ್ದುದು ತಿಳಿಯಿತು. ಕಲಿತ ವೈದ್ಯರು, ದುಡ್ಡಿದ್ದ ಮನೆಗಳು!

ಮಹಿಳಾ ಸಂಘಟನೆಗಳು, ಆತ್ಮಸಾಕ್ಷಿಯುಳ್ಳ ವೈದ್ಯರು, ವಕೀಲರು ಸೇರಿ ವೇದಿಕೆ ಕಟ್ಟಿ ಬೀದಿಯಲ್ಲಿ ಕೂಗೆಬ್ಬಿಸಿದ್ದರು. ಆ ಕೂಗನ್ನು ಸದನದೊಳಗೆ ಖಾಸಗಿ ಮಸೂದೆಯಾಗಿ ತಂದವರು ಮೃಣಾಲ್ ಗೋರೆ. ವಿರೋಧ ಪಕ್ಷದವರ ಖಾಸಗಿ ಮಸೂದೆ ಹಾಗೆಯೇ ಕಾನೂನಾಗುವುದು ಅಪರೂಪ. ಆದರೆ ಸರ್ಕಾರ ಸುಮ್ಮನಿರಲಾಗದಂತೆ ಮಾಡುವ ಶಕ್ತಿ ಅದಕ್ಕಿದೆ. 1988ರಲ್ಲಿ ಮಹಾರಾಷ್ಟ್ರ ಸರ್ಕಾರವೇ ಕಾನೂನು ತಂದಿತು. ಪ್ರಸವಪೂರ್ವ ಪರೀಕ್ಷೆಗಳಿಗೆ ಕಡಿವಾಣ ಹಾಕಿದ ದೇಶದ ಮೊದಲ ಕಾನೂನು ಅದು.

ಕಾನೂನಿನಲ್ಲಿ ಕೊರತೆಗಳಿದ್ದವು. ಚಳವಳಿಯವರು ಬೇಡವೆಂದರೂ ಖಾಸಗಿ ಕೇಂದ್ರಗಳಿಗೆ ಪರವಾನಗಿ ಪಡೆದು ಮುಂದುವರಿಯಲು ದಾರಿ ಉಳಿಯಿತು. ರಾಜ್ಯದ ಗಡಿ ದಾಟಿದರೆ ತಡೆಯುವವರಿರಲಿಲ್ಲ. ಆ ಕಾರಣಕ್ಕೇ 1994ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು, 2003ರಲ್ಲಿ ತಿದ್ದುಪಡಿಯಾಗಿ ಬಿಗಿಯಾಯಿತು. ಆದರೂ ಮಹಾರಾಷ್ಟ್ರದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 946 ಹೆಣ್ಣುಮಕ್ಕಳಿದ್ದದ್ದು 2011ರಲ್ಲಿ 894ಕ್ಕೆ ಇಳಿಯಿತು. ಕರ್ನಾಟಕದ ಸಂಖ್ಯೆ 948 ಎಂದು ನಾವು ಬೀಗುವ ಹಾಗಿಲ್ಲ. 2023ರ ನವೆಂಬರಿನಲ್ಲಿ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬೆಳಕಿಗೆ ಬಂತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣು ಕೂಸಿನ ತೀರ್ಮಾನವಾಗುತ್ತಿತ್ತು. ಆ ಸುದ್ದಿ ಓದಿದಾಗಿನ ಸಂಕಟ ನನಗೆ ಇನ್ನೂ ಕಡಿಮೆಯಾಗಿಲ್ಲ.

ಮುಂಬಯಿಯ ನಮ್ಮ ಸಂಘಗಳು ಉಚಿತ ತಪಾಸಣಾ ಶಿಬಿರ ನಡೆಸುತ್ತವೆ. ರಕ್ತದೊತ್ತಡ, ಸಕ್ಕರೆ ನೋಡಿಸಿ ಕನ್ನಡಕ ಹಂಚುತ್ತವೆ. ಒಳ್ಳೆಯದು, ನಡೆಯಲಿ. ಮೃಣಾಲ್ ಅವರು ಇದನ್ನೂ ದಾಟಿ, ಕೇಳಬೇಕಾದವರನ್ನು ಕೇಳಿದರು. ನಮ್ಮಿಂದಲೂ ಆಗುವ ಕೆಲಸ ಅದು. ಭ್ರೂಣಲಿಂಗ ಪತ್ತೆ ತಡೆಯುವ ಕಾನೂನಿನ ಪ್ರಕಾರ ಪ್ರತಿ ಸ್ಕ್ಯಾನಿಂಗ್ ಕೇಂದ್ರವೂ ನೋಂದಣಿ ಮಾಡಿಸಿರಬೇಕು; ಲಿಂಗ ತಿಳಿಸುವುದಿಲ್ಲವೆಂಬ ಫಲಕವನ್ನು ಜನರ ಭಾಷೆಯಲ್ಲೂ ಹಾಕಿರಬೇಕು; ಪರೀಕ್ಷೆಗೊಳಗಾದ ಪ್ರತಿ ಗರ್ಭಿಣಿಯ ವಿವರದ ‘ಫಾರ್ಮ್ ಎಫ್’ ತುಂಬಿ, ಮುಂದಿನ ತಿಂಗಳ 5ರೊಳಗೆ ಕಾನೂನು ಜಾರಿಯ ಹೊಣೆ ಹೊತ್ತ ಅಧಿಕಾರಿಗೆ ವರದಿ ಕಳಿಸಬೇಕು. ಆ ಅಧಿಕಾರಿಗೆ ನೆರವಾಗಲು ಕಾನೂನೇ ಒಂದು ಸಲಹಾ ಸಮಿತಿಯನ್ನು ಹೇಳಿದೆ. ಅದರಲ್ಲಿ ಮೂವರು ಸಮಾಜಸೇವಕರಿಗೆ ಜಾಗವಿದೆ, ಅವರಲ್ಲಿ ಒಬ್ಬರಾದರೂ ಮಹಿಳಾ ಸಂಘಟನೆಯವರಿರಬೇಕು. ಗೋರೆಗಾಂವ್ ಬರುವುದು ಪಿ-ದಕ್ಷಿಣ ವಾರ್ಡಿಗೆ. ಸಮಿತಿಯಲ್ಲಿ ಈಗ ಯಾರಿದ್ದಾರೆ, ಸಭೆ ಕೊನೆಯ ಬಾರಿ ಯಾವಾಗ ಸೇರಿತು ಎಂದು ವಾರ್ಡ್ ಕಚೇರಿಗೆ ಹೋಗಿ ವಿಚಾರಿಸಿ ಎಂದು ಇಲ್ಲಿ ಕುಳಿತಿರುವ ಮಹಿಳಾ ವಿಭಾಗದ ಸೋದರಿಯರನ್ನು ಕೇಳಿಕೊಳ್ಳುತ್ತೇನೆ.